ಪಂಪು ತಿರುಗುತ್ತದೆ, ನೀರು ಬರುತ್ತಿಲ್ಲ: ಭಾನುವಾರ ಬೆಳಗಿನ ದೋಷ ನಿವಾರಣೆ ಕೈಪಿಡಿ

ವಾರವಿಡೀ ಮುಂದೂಡಿದ ಮನೆಗೆಲಸವೆಲ್ಲ ಬಂದು ಬೀಳುವುದು ಭಾನುವಾರದ ಮೇಲೆ. ಹೊದಿಕೆ ಒಗೆಯಬೇಕು, ಬಚ್ಚಲು ತಿಕ್ಕಬೇಕು, ಅಂಗಳ ತೊಳೆಯಬೇಕು, ಸಂತೆಯಿಂದ ತಂದ ಮೀನು, ಸೊಪ್ಪು ಸ್ವಚ್ಛ ಮಾಡಬೇಕು. ಎಲ್ಲದಕ್ಕೂ ಟ್ಯಾಂಕಿನಲ್ಲಿ ನೀರಿರಬೇಕು. ಸರಿಯಾಗಿ ಆ ದಿನವೇ ಪಂಪು ಕೈಕೊಡುತ್ತದೆ. ಇದು ಹಣೆಬರಹವೇನಲ್ಲ, ಇದಕ್ಕೆ ಕಾರಣವಿದೆ. ಉಳಿದ ದಿನ ಸ್ವಲ್ಪ ಹೊತ್ತು ಓಡಿ ನಿಲ್ಲುವ ಪಂಪು ಭಾನುವಾರ ಎರಡು ಮೂರು ಸಲ ಟ್ಯಾಂಕು ತುಂಬಬೇಕಾಗುತ್ತದೆ. ಬಾವಿಯ ನೀರು ಎಂದಿಗಿಂತ ಕೆಳಕ್ಕಿಳಿಯುತ್ತದೆ. ಕೇರಿಯ ಎಲ್ಲ ಮನೆಗಳಲ್ಲೂ ಅದೇ ಹೊತ್ತಿಗೆ ಪಂಪು ಹಾಕುವುದರಿಂದ ವೋಲ್ಟೇಜ್ ಕುಸಿಯುತ್ತದೆ. ವಾರದ ದಿನಗಳಲ್ಲಿ ಹೇಗೋ ತಾಳಿಕೊಂಡಿದ್ದ ಸಡಿಲ ಜೋಡಣೆ, ಸವೆದ ವಾಷರ್, ಮೋಟಾರಿಗೆ ಮೊದಲ ನೂಕು ಕೊಡುವ ಕಂಡೆನ್ಸರಿನ ದುರ್ಬಲತೆ ಆ ಬೆಳಿಗ್ಗೆ ಬಯಲಿಗೆ ಬರುತ್ತವೆ.

ಮಿಸ್ತ್ರಿ ಸಿಗುವುದಿಲ್ಲ, ಪೇಟೆಯ ಅರ್ಧ ಅಂಗಡಿ ಮುಚ್ಚಿರುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಅಂದಾಜಿನ ಮೇಲೆ ಬೈಕ್ ಹತ್ತಿ ಹೊರಟು ಸಿಕ್ಕಿದ ಅಂಗಡಿಯಲ್ಲಿ ಹೊಸ ಫೂಟ್ ವಾಲ್ವ್ (ಪೈಪಿನ ನೀರು ಬಾವಿಗೆ ಮರಳದಂತೆ ತಡೆಯುವ ಮುಚ್ಚಳ) ಇಲ್ಲವೇ ಕಂಡೆನ್ಸರ್ ತರುವುದು. ತಂದದ್ದು ಅಳತೆಗೆ ಹೊಂದುವುದಿಲ್ಲ, ಹೊಂದಿದರೂ ದೋಷ ಬೇರೆಲ್ಲೋ ಇರುತ್ತದೆ, ಅಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಈ ಕೈಪಿಡಿ ಹೇಳುವುದು ಇದರ ತಿರುಗುಮುರುಗು ಕ್ರಮ. ದೋಷ ಎಲ್ಲಿದೆಯೆಂದು ಮನೆಯಲ್ಲೇ ಗೊತ್ತುಮಾಡಿಕೊಂಡು, ಆಮೇಲೆ ಪೇಟೆಗೆ ಹೋಗಬೇಕು. ಹೀಗೆ ಹುಡುಕಿದಾಗ ಹೆಚ್ಚಿನ ಸಲ ಪೇಟೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿರುವುದು ತೆರೆದ ಬಾವಿಯ ದಂಡೆಯಲ್ಲಿ ಕೂತ ಅರ್ಧ ಅಥವಾ ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೊನೊಬ್ಲಾಕ್ (ಮೋಟಾರು, ಪಂಪು ಒಂದಾಗಿಯೇ ಇರುವ) ಪಂಪಿನ ಮಾತು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಯಲ್ಲೂ ಬಹಳ ಮನೆಗಳಲ್ಲಿರುವುದು ಇದೇ. ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಪಂಪಿನ ಲೆಕ್ಕ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ.

ಮೊದಲು ಕಿವಿಗೊಡಿ

ಸ್ವಿಚ್ ಹಾಕಿ, ಐದು ಸೆಕೆಂಡು ಕೇಳಿ, ಆಫ್ ಮಾಡಿ. ಅದಕ್ಕಿಂತ ಹೆಚ್ಚು ಹೊತ್ತು ಬೇಡ. ಸದ್ದೇ ಇಲ್ಲದಿದ್ದರೆ ಕರೆಂಟು ಮೋಟಾರಿನವರೆಗೆ ಬಂದಿಲ್ಲ. ಗುಂಯ್ ಎಂದು ಮುಲುಗುತ್ತದೆ ಆದರೆ ತಿರುಗುವುದಿಲ್ಲ ಎಂದಾದರೆ ಕಂಡೆನ್ಸರ್, ವೋಲ್ಟೇಜ್ ಅಥವಾ ಸಿಕ್ಕಿಕೊಂಡ ಶಾಫ್ಟ್. ಚೆನ್ನಾಗಿ ತಿರುಗಿಯೂ ನೀರು ಬಾರದಿದ್ದರೆ ಮೋಟಾರಿನ ತಪ್ಪಿಲ್ಲ, ಬಾವಿಯಿಂದ ಪಂಪಿನವರೆಗಿನ ಪೈಪಿನಲ್ಲಿ ಹುಡುಕಬೇಕು. ಸ್ವಿಚ್ ಹಾಕಿದ ಕೂಡಲೇ ಮನೆಯ ಕರೆಂಟೇ ಹಾರಿದರೆ ಅದು ನಾಲ್ಕನೆಯ ಬಗೆ. ಈ ನಾಲ್ಕರಲ್ಲಿ ನಿಮ್ಮದು ಯಾವುದೆಂದು ತೀರ್ಮಾನಿಸದೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬೇಡಿ.

ಸದ್ದೇ ಇಲ್ಲ

ಇದು ಸುಲಭದ್ದು. ಮನೆಯ ಉಳಿದ ದೀಪಗಳು ಉರಿಯುತ್ತಿವೆಯೇ, ಪಂಪಿನ ಎಂಸಿಬಿ (ಕರೆಂಟು ಅತಿಯಾದರೆ ತಾನೇ ಬೀಳುವ ಸ್ವಿಚ್) ಕೆಳಗೆ ಬಿದ್ದಿದೆಯೇ ನೋಡಿ. ಇಡೀ ಕೇರಿಗೇ ಕರೆಂಟಿಲ್ಲದಿದ್ದರೆ 1912ಕ್ಕೆ ಫೋನ್ ಮಾಡಿ ದೂರು ಬರೆಸಿ.

ಕರೆಂಟಿದ್ದೂ ಪಂಪು ಸದ್ದು ಮಾಡದಿದ್ದರೆ ಪಂಪ್ ಶೆಡ್ಡಿನ ಸ್ವಿಚ್, ಸಾಕೆಟ್, ಸ್ಟಾರ್ಟರ್‌ಗಳತ್ತ ಗಮನ ಕೊಡಿ. ಸಮುದ್ರದ ಗಾಳಿಯ ಉಪ್ಪು ತಾಮ್ರ, ಹಿತ್ತಾಳೆಯನ್ನು ಬಿಡುವುದಿಲ್ಲ. ಬೈತಖೋಲ, ಕೋಡಿಬಾಗದಂಥ ಕಡಲಂಚಿನ ಮನೆಗಳ ಸಾಕೆಟ್ ಬಿಚ್ಚಿದರೆ ಸ್ಕ್ರೂವಿನ ಸುತ್ತ ಹಸಿರು ಕಿಲುಬು ಕಾಣುತ್ತದೆ. ಘಟ್ಟದ ಮೇಲೆ ಉಪ್ಪಿಲ್ಲ, ಅಲ್ಲಿ ಇರುವೆ ಮತ್ತು ಹಲ್ಲಿಯ ಕಾಟ. ಸ್ಟಾರ್ಟರಿನ ಎರಡು ತಾಮ್ರದ ಕಾಂಟ್ಯಾಕ್ಟುಗಳ ನಡುವೆ ಸತ್ತ ಒಂದು ಇರುವೆ ಸಾಕು ಪಂಪು ನಿಲ್ಲಲು. ಮೇನ್ ಆಫ್ ಮಾಡಿ, ಒಣ ಬ್ರಷ್‌ನಿಂದ ಒರೆಸಿ, ಕಿಲುಬಿದ್ದರೆ ನಯವಾದ ಪಾಲಿಶ್ ಕಾಗದದಿಂದ ತಿಕ್ಕಿ, ಸ್ಕ್ರೂ ಬಿಗಿ ಮಾಡಿ.

ಒಂದು ಎಚ್ಚರಿಕೆ. ಟೆಸ್ಟರ್ ದೀಪ ಹೊತ್ತಿಕೊಂಡಿತೆಂದು ಕರೆಂಟು ಸರಿಯಿದೆ ಎನ್ನಬೇಡಿ. ಫೇಸ್ ಬಂದಿದ್ದು ನ್ಯೂಟ್ರಲ್ ತುಂಡಾಗಿದ್ದರೂ ಟೆಸ್ಟರ್ ಹೊಳೆಯುತ್ತದೆ. ಒಂದು ಬಲ್ಬನ್ನು ಪ್ಲಗ್ಗಿಗೆ ಸಿಕ್ಕಿಸಿ ಅದೇ ಸಾಕೆಟ್ಟಿನಲ್ಲಿ ಉರಿಸಿ ನೋಡುವುದೇ ನಂಬಬಹುದಾದ ಪರೀಕ್ಷೆ.

ಮುಲುಗುತ್ತದೆ, ತಿರುಗುವುದಿಲ್ಲ

ಈ ಸದ್ದು ಕೇಳಿದರೆ ಕೂಡಲೇ ಆಫ್ ಮಾಡಬೇಕು. ತಿರುಗದೆ ನಿಂತ ಮೋಟಾರು ಮಾಮೂಲಿಗಿಂತ ನಾಲ್ಕೈದು ಪಟ್ಟು ಕರೆಂಟು ಎಳೆಯುತ್ತದೆ. "ಹಿಡಿದುಕೊಳ್ಳಬಹುದು" ಎಂದು ಕಾಯುತ್ತ ನಿಂತರೆ ನಿಮಿಷಗಳಲ್ಲಿ ವೈಂಡಿಂಗ್ ಸುಡುತ್ತದೆ, ನೂರಿನ್ನೂರು ರೂಪಾಯಿಯ ರಿಪೇರಿ ಸಾವಿರಗಳಿಗೆ ಏರುತ್ತದೆ.

ಮೇನ್ ಆಫ್ ಮಾಡಿ, ಪ್ಲಗ್ ಕಿತ್ತು, ಮೊದಲು ಶಾಫ್ಟ್ ತಿರುಗಿಸಿ ನೋಡಿ. ಕೆಲವು ಪಂಪುಗಳಲ್ಲಿ ಫ್ಯಾನ್ ಕವರಿನ ನಡುವಿನ ತೂತಿನೊಳಗೆ ಶಾಫ್ಟಿನ ತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವ ಗೀರು ಇರುತ್ತದೆ. ಇಲ್ಲದಿದ್ದರೆ ಕವರ್ ಬಿಚ್ಚಿ ಫ್ಯಾನನ್ನೇ ಕೈಯಿಂದ ತಿರುಗಿಸಿ. ಹಗುರವಾಗಿ ತಿರುಗಬೇಕು. ಬಿಗಿಯಾಗಿದ್ದರೆ ಇಂಪೆಲ್ಲರ್ (ಪಂಪಿನೊಳಗೆ ನೀರೆಸೆಯುವ ಚಕ್ರ) ತುಕ್ಕು ಹಿಡಿದು ಕೂತಿದೆ ಇಲ್ಲವೇ ಮರಳು ಸಿಕ್ಕಿದೆ. ಮಳೆಗಾಲದುದ್ದಕ್ಕೂ ಕಡಿಮೆ ಓಡಿದ ಪಂಪಿನಲ್ಲಿ, ಹಬ್ಬಕ್ಕೆಂದು ಊರಿಗೆ ಬಂದವರು ಬೀಗ ತೆಗೆದ ಮನೆಯಲ್ಲಿ ಇದು ತೀರಾ ಸಾಮಾನ್ಯ. ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಿಡಿಸಿಕೊಳ್ಳಿ. ಸುತ್ತಿಗೆಯಿಂದ ಹೊಡೆಯಬೇಡಿ, ಪಂಪಿನ ಬೀಡಿನ ಹೊರಕವಚ (ಕೇಸಿಂಗ್) ಒಡೆದರೆ ಬೆಸುಗೆಗೆ ಸುಲಭವಾಗಿ ಸಿಗುವುದಿಲ್ಲ. ಕರೆಂಟು ಹಾಕಿಕೊಂಡು ಫ್ಯಾನಿಗೆ ಕಡ್ಡಿಯಿಂದ ತಳ್ಳಿ ಶುರು ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಕಡ್ಡಿ ಸಿಡಿದು ಕಣ್ಣಿಗೆ ಬಡಿಯಬಹುದು, ಬೆರಳೇ ಹೋಗಬಹುದು.

ಶಾಫ್ಟ್ ಸಲೀಸಾಗಿ ತಿರುಗಿದರೆ ಸಂಶಯ ಕಂಡೆನ್ಸರಿನ ಮೇಲೆ. ಸಿಂಗಲ್ ಫೇಸ್ ಮೋಟಾರಿಗೆ ತಾನಾಗಿ ತಿರುಗಲು ಶುರುಮಾಡುವ ಶಕ್ತಿ ಇಲ್ಲ, ಆ ಮೊದಲ ನೂಕು ಕೊಡುವುದು ಕಂಡೆನ್ಸರ್. ಹೊಟ್ಟೆ ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ, ವೈರಿನ ಬುಡ ಕಪ್ಪಾಗಿದ್ದರೆ ಬೇರೆ ಪರೀಕ್ಷೆ ಬೇಡ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸತ್ತಿರಬಹುದು, ಅದಕ್ಕೆ ಕೆಪಾಸಿಟಿ ಅಳೆಯುವ ಮಲ್ಟಿಮೀಟರ್ ಬೇಕು. ಮೈಮೇಲೆ ಬರೆದ ಮೈಕ್ರೋಫ್ಯಾರಡ್ ಸಂಖ್ಯೆಗಿಂತ ಶೇಕಡಾ 10ಕ್ಕೂ ಹೆಚ್ಚು ಕೆಳಗಿಳಿದಿದ್ದರೆ ಬದಲಿಸಿ. ಆಫ್ ಮಾಡಿದ ಮೇಲೂ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆಂಬುದು ನೆನಪಿರಲಿ. ಅದರ ಎರಡು ವೈರುಗಳಿಗೆ ಹಳೆಯ ಕಾಲದ 100 ವಾಟ್ ಬಲ್ಬನ್ನು ಒಂದು ಕ್ಷಣ ತಾಗಿಸಿ ಖಾಲಿ ಮಾಡಿಕೊಂಡೇ ಕೈ ಹಾಕಿ.

ಕಂಡೆನ್ಸರ್ ಬದಲಿಸಿದರೂ ಮುಲುಗುವುದು ನಿಲ್ಲಲಿಲ್ಲವೆಂದರೆ ವೋಲ್ಟೇಜ್ ಅಳೆಯಿರಿ. ಸುಮ್ಮನಿದ್ದಾಗ ಎಷ್ಟಿದೆ ಎನ್ನುವುದಕ್ಕಿಂತ ಪಂಪು ಹಾಕಿದ ಕ್ಷಣದಲ್ಲಿ ಎಷ್ಟಕ್ಕೆ ಬೀಳುತ್ತದೆ ಎನ್ನುವುದು ಮುಖ್ಯ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 180 ವೋಲ್ಟ್ ಇದ್ದರೆ ಬಲ ಶೇಕಡಾ 61ರಷ್ಟೇ ಉಳಿಯುತ್ತದೆ.

ಇಲ್ಲಿ ಶಿರಸಿ ಕಡೆಯವರಿಗೆ ಒಂದು ವಿಷಯ ಹೇಳಲೇಬೇಕು. ತೋಟದ ಬಾವಿ ಮನೆಯಿಂದ ದೂರವಿರುತ್ತದೆ, ವೈರು ಮಾತ್ರ ಮನೆಯ ದೀಪದ್ದೇ ಎಳೆದಿರುತ್ತಾರೆ. 1.5 ಚದರ ಮಿಲಿಮೀಟರಿನ ತಾಮ್ರದ ವೈರು 60 ಮೀಟರ್ ಎಳೆದಿದ್ದೀರಿ ಎನ್ನಿ. ಹೋಗಿ ಬರುವ ಎರಡೂ ಎಳೆ ಸೇರಿ ಸುಮಾರು ಒಂದೂವರೆ ಓಮ್ ತಡೆ. ಒಂದು ಎಚ್‌ಪಿ ಪಂಪು ಓಡುವಾಗ 7 ಆಂಪಿಯರ್ ಎಳೆದರೆ 10 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಅದು ನಡೆದೀತು. ಆದರೆ ಶುರುವಿನ ಕ್ಷಣದಲ್ಲಿ 30 ಆಂಪಿಯರ್ ಎಳೆದಾಗ ಹೋಗುವುದು 40 ವೋಲ್ಟಿಗೂ ಹೆಚ್ಚು. ಮನೆಯಲ್ಲಿ 210 ಇದ್ದದ್ದು ಬಾವಿಯಲ್ಲಿ 170 ಆಗುತ್ತದೆ, ಮೋಟಾರು ಮುಲುಗುತ್ತದೆ. ಜನ ಇಲಾಖೆಯನ್ನು ಬೈಯುತ್ತಾರೆ. 4 ಚದರ ಮಿಲಿಮೀಟರಿನ ವೈರು ಹಾಕಿಸಿದರೆ ಈ ಕಾಟ ಶಾಶ್ವತವಾಗಿ ತಪ್ಪುತ್ತದೆ. ಭಾನುವಾರಕ್ಕೆ ಇರುವ ಉಪಾಯವೆಂದರೆ ಕೇರಿಯ ಪಂಪುಗಳೆಲ್ಲ ನಿಂತ ಮೇಲೆ, ಹನ್ನೊಂದರ ನಂತರ ಹಾಕಿ ನೋಡುವುದು.

ತಿರುಗುತ್ತದೆ, ನೀರಿಲ್ಲ

ಹೆಚ್ಚಿನ ದೋಷಗಳಿರುವುದು ಇಲ್ಲಿ. ಹೆಚ್ಚಿನ ದುಡ್ಡು ವ್ಯರ್ಥವಾಗುವುದೂ ಇಲ್ಲೇ. ನೀರಿಲ್ಲದೆ ಪಂಪನ್ನು ಓಡಲು ಬಿಟ್ಟರೆ ಒಳಗಿನ ಸೀಲ್ ಕಾದು ಹಾಳಾಗುತ್ತದೆ, ಆದ್ದರಿಂದ ಪರೀಕ್ಷೆಗಳನ್ನೆಲ್ಲ ಪಂಪು ನಿಲ್ಲಿಸಿಯೇ ಶುರುಮಾಡಬೇಕು.

ಪಂಪು ನೀರನ್ನು "ಎಳೆಯುತ್ತದೆ" ಎಂದು ಹೇಳುತ್ತೇವೆ, ನಿಜವಾಗಿ ನಡೆಯುವುದು ಬೇರೆ. ಇಂಪೆಲ್ಲರ್ ತನ್ನಲ್ಲಿರುವ ನೀರನ್ನು ಹೊರಗೆ ಎಸೆದಾಗ ನಡುವೆ ಒತ್ತಡ ಕಡಿಮೆಯಾಗುತ್ತದೆ. ಬಾವಿಯ ನೀರಿನ ಮೇಲೆ ಕೂತಿರುವ ವಾತಾವರಣದ ಒತ್ತಡ ಆ ಜಾಗಕ್ಕೆ ನೀರನ್ನು ತಳ್ಳುತ್ತದೆ. ಇದರಿಂದ ಎರಡು ಸಂಗತಿ ಗೊತ್ತಾಗುತ್ತವೆ. ಕೇಸಿಂಗಿನಲ್ಲಿ ಮೊದಲೇ ನೀರು ತುಂಬಿರಬೇಕು, ಗಾಳಿಯನ್ನು ಎಸೆದು ಒತ್ತಡ ಇಳಿಸುವುದು ಈ ಪಂಪಿನಿಂದ ಆಗದು. ಮತ್ತು ಪಂಪಿಗೂ ನೀರಿನ ಮಟ್ಟಕ್ಕೂ ನಡುವಿನ ಎತ್ತರಕ್ಕೆ ಒಂದು ಮಿತಿಯಿದೆ, ಮೋಟಾರು ಎಷ್ಟೇ ದೊಡ್ಡದಿದ್ದರೂ ಆ ಮಿತಿ ಬದಲಾಗುವುದಿಲ್ಲ.

ಪಂಪಿಗೆ ನೀರು ತುಂಬುವ ಬಾಯಿಯ ಬೂಚು (ಪ್ರೈಮಿಂಗ್ ಬೂಚು) ಬಿಚ್ಚಿ, ಕೊಡದಿಂದ ನೀರು ಹೊಯ್ಯಿರಿ. ಈ ಒಂದೇ ಕೆಲಸದಿಂದ ಅರ್ಧ ಉತ್ತರ ಸಿಗುತ್ತದೆ.

ಎಷ್ಟು ಹೊಯ್ದರೂ ತುಂಬುತ್ತಿಲ್ಲ, ಅಥವಾ ತುಂಬಿದ್ದು ಕಣ್ಣೆದುರೇ ಇಳಿದುಹೋಗುತ್ತಿದೆ ಎಂದರೆ ಬಾವಿಯ ತಳದಲ್ಲಿರುವ ಫೂಟ್ ವಾಲ್ವ್ ನೀರು ಬಿಡುತ್ತಿದೆ. ಹೊಸದು ತರುವ ಮೊದಲು ಯೋಚಿಸಿ, ವಾಲ್ವ್ ಕೆಟ್ಟಿರಲಿಕ್ಕಿಲ್ಲ. ಹಲಸಿನೆಲೆಯ ತುಂಡು, ಬೇರಿನ ಎಳೆ, ಚಿರೆಕಲ್ಲಿನ ಒಂದು ಹರಳು ಅದರ ಮುಚ್ಚಳದಡಿ ಸಿಕ್ಕಿಕೊಂಡಿದ್ದರೂ ಹೀಗೆಯೇ ಆಗುತ್ತದೆ. ಪೈಪು ಬಾಗುವ ಹೋಸ್ ಆಗಿದ್ದರೆ ಎರಡಡಿ ಮೇಲೆತ್ತಿ ನಾಲ್ಕಾರು ಸಲ ಜಗ್ಗಿ ಬಿಡಿ. ಸಿಕ್ಕಿದ್ದು ಹೆಚ್ಚಾಗಿ ಉದುರುತ್ತದೆ. ಕಬ್ಬಿಣದ ಪೈಪಾದರೆ ದೊಡ್ಡ ಬಕೆಟಿನಿಂದ ಒಮ್ಮೆಲೇ ರಭಸವಾಗಿ ನೀರು ಸುರಿಯಿರಿ. ಇದ್ಯಾವುದಕ್ಕೂ ಬಗ್ಗದಿದ್ದರೆ ಪೈಪು ಮೇಲೆತ್ತಲೇಬೇಕು. ಇಬ್ಬರಿರಬೇಕು, ಹಗ್ಗ ಕಟ್ಟಿರಬೇಕು, ಮೇಲಿನಿಂದಲೇ ಎತ್ತಬೇಕು. ಒಬ್ಬರೇ ಬಾವಿಗೆ ಇಳಿಯುವುದು ಬೇಡವೇ ಬೇಡ. ಆಳದ ಬಾವಿಯಲ್ಲಿ ಉಸಿರಾಡುವ ಗಾಳಿ ಸಾಲದೆ ಜೀವ ಹೋದ ಘಟನೆಗಳು ಪ್ರತಿ ಬೇಸಿಗೆ ಕಿವಿಗೆ ಬೀಳುತ್ತವೆ. ಎತ್ತಿದ ವಾಲ್ವಿನ ಜಾಲರಿಗೆ ಕೆಂಪು ಲೋಳೆ ಹತ್ತಿದ್ದರೆ ಅದು ನೀರಿನಲ್ಲಿರುವ ಕಬ್ಬಿಣದಂಶದ್ದು, ಬ್ರಷ್ ಹಾಕಿ ತೊಳೆಯಿರಿ. ಚರ್ಮದ ವಾಷರ್ ಬಿರಿದಿದ್ದರೆ ವಾಷರ್ ಮಾತ್ರ ಬದಲಿಸಿದರೆ ಸಾಕು.

ಕೇಸಿಂಗ್ ತುಂಬಿತು, ನೀರೂ ಇಳಿಯದೆ ನಿಂತಿತು, ಪಂಪು ಹಾಕಿದರೆ ಸ್ವಲ್ಪ ಹೊತ್ತು ಬಂದು ನಿಂತುಹೋಗುತ್ತದೆ ಎಂದಾದರೆ ಫೂಟ್ ವಾಲ್ವ್ ನಿರಪರಾಧಿ. ಅದನ್ನು ಮುಟ್ಟಬೇಡಿ. ಬಾವಿಯಿಂದ ಪಂಪಿಗೆ ಬರುವ ಸಕ್ಷನ್ ಪೈಪಿನಲ್ಲಿ ಎಲ್ಲೋ ಗಾಳಿ ನುಗ್ಗುತ್ತಿದೆ. ಈ ತೂತು ಹುಡುಕುವುದರಲ್ಲಿ ಜನ ಎಡವುವುದು ಯಾಕೆಂದರೆ, ಪಂಪು ಓಡುವಾಗ ಅಲ್ಲಿಂದ ನೀರು ಸೋರುವುದಿಲ್ಲ. ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಿರುವುದರಿಂದ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. "ಎಲ್ಲೂ ಲೀಕ್ ಇಲ್ಲ" ಎಂದು ಖಾತ್ರಿಯಾಗಿ ಹೇಳುವವರು ಓಡುವ ಪಂಪನ್ನು ನೋಡಿ ಹೇಳಿರುತ್ತಾರೆ. ಪಂಪು ನಿಲ್ಲಿಸಿ ನೋಡಿ. ಟ್ಯಾಂಕಿಗೆ ಹೋಗುವ ಪೈಪಿನಲ್ಲಿ ನೀರು ನಿಂತಿದ್ದರೆ ಅದರ ಭಾರ ಸಕ್ಷನ್ ಪೈಪಿನ ಮೇಲೂ ಬೀಳುತ್ತದೆ, ಆಗ ತೂತಿದ್ದಲ್ಲಿ ನೀರು ಒಸರುತ್ತದೆ. ಒಣ ಬಟ್ಟೆಯಿಂದ ಪ್ರತಿ ಜೋಡಣೆ ಒರೆಸಿ, ಸ್ವಲ್ಪ ಕಾದು, ಬೆರಳಾಡಿಸಿ. ಇನ್ನೊಂದು ದಾರಿ, ಪಂಪು ಓಡಿಸಿ ಜೋಡಣೆಗಳಿಗೆ ದಪ್ಪ ಸೋಪಿನ ನೊರೆ ಹಚ್ಚುವುದು. ನೊರೆ ಎಲ್ಲಿ ಒಳಗೆ ಹೀರಿಕೊಳ್ಳುತ್ತದೋ ಅದೇ ಜಾಗ.

ಹೆಚ್ಚಾಗಿ ಸಿಗುವುದು ಯೂನಿಯನ್ ಜೋಡಣೆಯಲ್ಲಿ, ಪಂಪಿನ ಬಾಯಿಯ ಫ್ಲ್ಯಾಂಜ್ ವಾಷರಿನಲ್ಲಿ, ಬಿಸಿಲು ತಿಂದು ಬಿರುಕು ಬಿಟ್ಟ ಹೋಸಿನ ಬಾಗಿದ ಜಾಗದಲ್ಲಿ. ಹಳೆಯ ಮಾದರಿಯ ಪಂಪಾದರೆ ಶಾಫ್ಟಿನ ಸುತ್ತ ನೀರು ತಡೆಯಲು ಸುತ್ತಿದ ಗ್ಲ್ಯಾಂಡ್ ಹಗ್ಗ ಒಣಗಿಯೂ ಗಾಳಿ ಹೋಗುತ್ತದೆ. ಗ್ಲ್ಯಾಂಡಿನಿಂದ ನಿಧಾನವಾಗಿ ಹನಿ ಬೀಳುತ್ತಿದ್ದರೆ ಅದು ಆರೋಗ್ಯದ ಲಕ್ಷಣ, ಪೂರಾ ನಿಲ್ಲುವಂತೆ ಬಿಗಿ ಮಾಡಿದರೆ ಶಾಫ್ಟ್ ಸವೆಯುತ್ತದೆ. ಹೊಸ ಪಂಪುಗಳಲ್ಲಿರುವುದು ಮೆಕ್ಯಾನಿಕಲ್ ಸೀಲ್, ಅಲ್ಲಿ ಒಂದು ಹನಿಯೂ ಬೀಳಬಾರದು. ತೂತು ಸಿಕ್ಕಿತು, ಅಂಗಡಿ ಮುಚ್ಚಿದೆ ಎಂದಾದರೆ ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಸೀಳಿ, ಎಳೆದು ಹಿಡಿದು ಜೋಡಣೆಯ ಸುತ್ತ ಬಿಗಿಯಾಗಿ ಸುತ್ತಿ, ತಂತಿ ಕಟ್ಟಿ. ಗಾಳಿ ಒಳಗೆಳೆಯುವ ಜಾಗವಾದ್ದರಿಂದ ರಬ್ಬರು ತಾನೇ ಅಂಟಿಕೊಳ್ಳುತ್ತದೆ. ಸೋಮವಾರದವರೆಗೆ ಧಾರಾಳ ಸಾಕು. ಎಂ-ಸೀಲ್ ಹಚ್ಚುವುದಾದರೆ ಪೈಪು ಪೂರ್ತಿ ಒಣಗಿರಬೇಕು ಮತ್ತು ಗಟ್ಟಿಯಾಗಲು ಬಿಡಬೇಕು. ಅವಸರದಲ್ಲಿ ಹಚ್ಚಿದ್ದು ನಿಲ್ಲುವುದಿಲ್ಲ.

ಇನ್ನು ಮೂರನೆಯದು, ಏಪ್ರಿಲ್ ಮೇ ತಿಂಗಳದ್ದು. ಜೋಡಣೆ ಸರಿ, ವಾಲ್ವ್ ಸರಿ, ಆದರೂ ನೀರು ಬಾರದು. ಹಗ್ಗಕ್ಕೆ ಕಲ್ಲು ಕಟ್ಟಿ ಪಂಪಿನ ಮಟ್ಟದಿಂದ ನೀರಿನವರೆಗೆ ಎಷ್ಟಿದೆ ಅಳೆಯಿರಿ. ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ ನೀರನ್ನು ಲೆಕ್ಕಕ್ಕೆ 10.3 ಮೀಟರ್ ಎತ್ತಬಲ್ಲದು. ಪೈಪಿನ ಘರ್ಷಣೆ, ಬೆಂಡು, ವಾಲ್ವ್ ಎಲ್ಲ ಕಳೆದು ಕೈಗೆ ಸಿಗುವುದು 6ರಿಂದ 7 ಮೀಟರ್, ಅಂದರೆ ಇಪ್ಪತ್ತು ಇಪ್ಪತ್ತೆರಡು ಅಡಿ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಅಲ್ಲಿ ಒತ್ತಡವೇ ಕಡಿಮೆ, ಲೆಕ್ಕದ ಮಿತಿ 9.6 ಮೀಟರಿಗೆ ಇಳಿಯುತ್ತದೆ. ಕುಮಟೆಯಲ್ಲಿ ಸರಿಯಾಗಿ ಓಡುತ್ತಿದ್ದ ಪಂಪನ್ನು ಅಷ್ಟೇ ಆಳದ ನೀರಿಗೆ ಶಿರಸಿಯಲ್ಲಿ ಕೂರಿಸಿದರೆ ಎರಡಡಿಗೂ ಹೆಚ್ಚಿನ ನಷ್ಟ ಮೊದಲೇ ಆಗಿರುತ್ತದೆ. ಒಂದು ಎಚ್‌ಪಿಯ ಬದಲು ಎರಡು ಎಚ್‌ಪಿ ತಂದು ಇದನ್ನು ಗೆಲ್ಲಲು ಹೊರಡುವವರಿಗೆ ಸ್ಪಷ್ಟವಾಗಿ ಹೇಳುತ್ತೇನೆ, ಆಗುವುದಿಲ್ಲ. ಪಂಪನ್ನೇ ಕೆಳಗಿಳಿಸಬೇಕು ಅಥವಾ ಸಬ್‌ಮರ್ಸಿಬಲ್ ಹಾಕಬೇಕು.

ಬಾವಿಯೊಳಗೆ ಕಬ್ಬಿಣದ ಪಟ್ಟಿ ಕೂರಿಸಿ ಅದರ ಮೇಲೆ ಪಂಪಿಡುವ ರೂಢಿ ಹಾಗೆ ಬಂದದ್ದು. ಅದರಲ್ಲಿ ತಪ್ಪಿಲ್ಲ. ಆದರೆ ಇಳಿಸಿದ ಪಂಪನ್ನು ಮೇ ಕೊನೆಯೊಳಗೆ ಮೇಲೆತ್ತಲೇಬೇಕು. ಜೂನ್ ಮೊದಲ ವಾರದಲ್ಲಿ ಮಿರ್ಗದ (ಮೃಗಶಿರಾ) ಮಳೆ ಹಿಡಿದರೆ ಬಾವಿ ಏರುವ ರಭಸಕ್ಕೆ ಪಂಪು ಒಂದು ರಾತ್ರಿಯಲ್ಲಿ ಮುಳುಗುತ್ತದೆ. ಕ್ಯಾಲೆಂಡರಿನ ಮೇ ಹಾಳೆಯ ಕೊನೆಯ ಭಾನುವಾರಕ್ಕೆ ಈಗಲೇ ಗುರುತು ಹಾಕಿಡಿ.

ಬೇಸಿಗೆಯಲ್ಲೇ ಇನ್ನೊಂದು ಮೋಸ. ನೀರು ಇಳಿದಾಗ ಫೂಟ್ ವಾಲ್ವಿನ ಮೇಲೆ ಒಂದೂವರೆ ಅಡಿಯಾದರೂ ನೀರು ಉಳಿಯದಿದ್ದರೆ ಸುಳಿ ಎದ್ದು ಗಾಳಿ ಒಳಗೆ ಹೋಗುತ್ತದೆ. ಹಾಗೆಂದು ವಾಲ್ವನ್ನು ತಳಕ್ಕೆ ತಾಗಿಸಬೇಡಿ, ಕೆಸರು ಎಳೆಯುತ್ತದೆ. ತಳದಿಂದ ಒಂದಡಿ ಮೇಲಿರಲಿ. ಎರಡಕ್ಕೂ ಜಾಗವಿಲ್ಲದಷ್ಟು ನೀರು ಇಳಿದಿದ್ದರೆ ಟ್ಯಾಂಕನ್ನು ಒಮ್ಮೆಲೇ ತುಂಬಿಸುವುದು ಬಿಟ್ಟು ಒರತೆಗೆ ಸಮಯ ಕೊಟ್ಟು ಎರಡು ಕಂತಿನಲ್ಲಿ ತುಂಬಿಸಿ. ಅಘನಾಶಿನಿ, ಗಂಗಾವಳಿ ಅಳಿವೆಯ ದಂಡೆಯವರಿಗೆ ಇದರಿಂದ ಇನ್ನೊಂದು ಉಪಕಾರವೂ ಇದೆ: ಅತಿಯಾಗಿ ಎತ್ತಿದಷ್ಟೂ ಸಿಹಿನೀರಿನ ಬಾವಿಗೆ ಉಪ್ಪುನೀರು ಹತ್ತಿರ ಬರುತ್ತದೆ.

ಹಾಕಿದ ಕೂಡಲೇ ಮನೆಯ ಕರೆಂಟು ಹಾರುತ್ತದೆ

ಮಳೆಗಾಲದ ದೋಷ. ಹಾರುತ್ತಿರುವುದು ಎಂಸಿಬಿಯೋ ಆರ್‌ಸಿಸಿಬಿಯೋ ಮೊದಲು ನೋಡಿ. ಎಂಸಿಬಿ ಹಾರಿದರೆ ಶಾರ್ಟ್ ಅಥವಾ ಜಾಮ್. ಪರೀಕ್ಷೆಯ ಬಟನ್ ಇರುವ ಆರ್‌ಸಿಸಿಬಿ ಹಾರಿದರೆ ಎಲ್ಲೋ ಕರೆಂಟು ನೆಲಕ್ಕೆ ಸೋರುತ್ತಿದೆ. ಮನೆಗಳಲ್ಲಿ ಹಾಕುವುದು 30 ಮಿಲಿಆಂಪಿಯರಿಗೆ ಬೀಳುವಂಥದ್ದು, ಮನುಷ್ಯನ ಜೀವ ಉಳಿಸಲೆಂದೇ ಆ ಅಳತೆ. ಅದನ್ನು ಬೈಪಾಸ್ ಮಾಡಿ ಭಾನುವಾರ ದಾಟಿಸುವ ಯೋಚನೆಯನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟುವ ಯಂತ್ರ ಇದು.

ಎಲ್ಲ ಎಂಸಿಬಿ ಕೆಳಗೆ ಮಾಡಿ, ಆರ್‌ಸಿಸಿಬಿ ಮೇಲೆತ್ತಿ, ಒಂದೊಂದಾಗಿ ಎಂಸಿಬಿ ಹಾಕುತ್ತ ಬನ್ನಿ. ಯಾವುದಕ್ಕೆ ಬೀಳುತ್ತದೋ ಆ ಸಾಲಿನಲ್ಲಿ ದೋಷ. ಎಲ್ಲ ಎಂಸಿಬಿ ಕೆಳಗಿದ್ದಾಗಲೂ ಆರ್‌ಸಿಸಿಬಿ ನಿಲ್ಲದಿದ್ದರೆ ಗಾಬರಿಯಾಗಬೇಡಿ. ಸಾಮಾನ್ಯ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಸೇರಿಕೊಂಡೇ ಇರುತ್ತದೆ, ನ್ಯೂಟ್ರಲ್ ಮತ್ತು ಅರ್ತ್ ತಾಗಿದ್ದರೂ ಅದು ಬೀಳುತ್ತದೆ. ಪಂಪಿನ ಪ್ಲಗ್ಗನ್ನೇ ಕಿತ್ತು ನೋಡಿ. ಆಗ ನಿಂತರೆ ಪಂಪಿನದ್ದೇ ದೋಷ. ನಿಲ್ಲದಿದ್ದರೆ ಗೀಸರ್, ಆಮೇಲೆ ಅಂಗಳದ ದೀಪ, ಮಳೆಗೆ ತೋಯುವ ಗೇಟಿನ ಕಂಬದ ಬಲ್ಬು.

ಪಂಪಿನದ್ದೇ ಆದರೆ ಟರ್ಮಿನಲ್ ಡಬ್ಬಿ ಬಿಚ್ಚಿ. ನೀರು ಕೂತಿದ್ದರೆ ಒರೆಸಿ, ಒಣಗಿಸಿ, ವೈರು ಒಳಗೆ ಹೋಗುವ ರಬ್ಬರ್ ಬುಷ್ ಸರಿಮಾಡಿ. ವೈರು ಮೇಲಿನಿಂದ ಇಳಿದು ಡಬ್ಬಿಗೆ ಹೋಗುವ ಬದಲು ಕೆಳಗೊಂದು ಬಾಗು ಕೊಟ್ಟು ಹತ್ತಿಸಿದರೆ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ವೈಂಡಿಂಗಿಗೇ ತೇವ ಹಿಡಿದಿದ್ದರೆ, ಅದರಲ್ಲೂ ಬಾವಿಯಲ್ಲಿ ಮುಳುಗಿದ ಪಂಪಾದರೆ, ಮನೆಯಲ್ಲಿ ಒಣಗಿಸಿ ಹಾಕುವ ಸಾಹಸ ಬೇಡ. ವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ (ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ ಮೀಟರ್) ಹಿಡಿದು ನೋಡಿಸಿಯೇ ಕರೆಂಟು ಕೊಡಿ.

ಟ್ಯಾಂಕು ತುಂಬಿದೆ, ನಲ್ಲಿಯಲ್ಲಿ ಬರುತ್ತಿಲ್ಲ

ಪಂಪು ಸರಿಯಾಯಿತು, ಬಟ್ಟೆ ನೆನೆಹಾಕಿದಿರಿ, ಬಚ್ಚಲ ನಲ್ಲಿ ಮಾತ್ರ ಉಸಿರು ಬಿಡುತ್ತದೆ, ನೀರು ಬಿಡುವುದಿಲ್ಲ. ಟ್ಯಾಂಕು ಪೂರ್ತಿ ಬರಿದಾದಾಗ ಪೈಪಿನೊಳಗೆ ಹೋದ ಗಾಳಿ ಏರಿಳಿತದ ಜಾಗದಲ್ಲಿ ಸಿಕ್ಕಿಕೊಂಡಿದೆ. ನೀರು ಬರುವ ಒಂದು ನಲ್ಲಿಗೂ ಬಾರದ ನಲ್ಲಿಗೂ ನಡುವೆ ಹೋಸ್ ಸಿಕ್ಕಿಸಿ ಎರಡನ್ನೂ ತೆರೆಯಿರಿ. ನೀರು ಹಿಂದಿನಿಂದ ನುಗ್ಗಿ ಗಾಳಿಯನ್ನು ಟ್ಯಾಂಕಿಗೆ ತಳ್ಳುತ್ತದೆ. ಟ್ಯಾಂಕಿನ ನೀರಿಗಿಂತ ಹೆಚ್ಚು ಒತ್ತಡ ಬೇಕಾದ್ದರಿಂದ ಆ ಒಳ್ಳೆಯ ನಲ್ಲಿ ಪಂಪಿನ ನೇರ ಪೈಪಿನದ್ದಾದರೆ ಉತ್ತಮ.

ಘಟ್ಟದ ಮೇಲೆ ಗುಡ್ಡದ ಅಬ್ಬಿ ನೀರನ್ನು ಪೈಪಿನಲ್ಲಿ ಮನೆಗೆ ತಂದವರಿಗೂ ಇದೇ ತೊಂದರೆ, ದೊಡ್ಡ ಪ್ರಮಾಣದಲ್ಲಿ. ಪೈಪು ದಿಬ್ಬ ಹತ್ತಿ ಇಳಿಯುವ ಪ್ರತಿ ತಲೆಯಲ್ಲೂ ಗಾಳಿ ಕೂರುತ್ತದೆ. ಆ ಜಾಗಗಳಲ್ಲಿ ಮೂರು ಬಾಯಿಯ ಟೀ ಜೋಡಣೆ ಕೂರಿಸಿ, ಸಣ್ಣದೊಂದು ವಾಲ್ವ್ ಇಟ್ಟರೆ ಬಿಚ್ಚಿ ಗಾಳಿ ಬಿಡಬಹುದು. ಇಲ್ಲದಿದ್ದರೆ ಪ್ರತಿ ಸಲವೂ ಅಬ್ಬಿಯವರೆಗೆ ನಡೆಯಬೇಕು.

ವಾಷಿಂಗ್ ಮಷಿನ್ "ನೀರಿಲ್ಲ" ಎಂದು ನಿಂತರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಹಿಂದಿನ ಪೈಪು ಬಿಚ್ಚಿ ನೋಡಿ. ಒಳಬಾಯಿಯಲ್ಲಿ ಬೆರಳುಗುರಿನಷ್ಟು ಸಣ್ಣ ಜಾಲರಿ ಇದೆ, ಮಳೆಗಾಲದ ಕೆಂಪು ಕೆಸರು ಅಲ್ಲಿ ಕಟ್ಟಿಕೊಳ್ಳುತ್ತದೆ. ಇಕ್ಕಳದಿಂದ ಎಳೆದು ತೊಳೆದರಾಯಿತು. ಜಾಲರಿ ಸ್ವಚ್ಛವಿದ್ದೂ ನೀರು ಸಾಲದಿದ್ದರೆ ಟ್ಯಾಂಕಿನ ಎತ್ತರ ನೋಡಿ. ನೀರಿನ ಒತ್ತಡ ಒಂದು ಮೀಟರ್ ಎತ್ತರಕ್ಕೆ 0.1 ಬಾರ್ ಲೆಕ್ಕ. ಯಂತ್ರದ ಪುಸ್ತಕದಲ್ಲಿ ಕನಿಷ್ಠ 0.3 ಬಾರ್ ಬೇಕೆಂದಿದ್ದರೆ ಟ್ಯಾಂಕಿನ ನೀರು ಯಂತ್ರದ ಬಾಯಿಗಿಂತ 3 ಮೀಟರ್ ಮೇಲಿರಬೇಕು. ಹಂಚಿನ ಮನೆಗಳಲ್ಲಿ ಟ್ಯಾಂಕನ್ನು ಬಚ್ಚಲ ಕೊಟ್ಟಿಗೆಯ ತಾರಸಿಯ ಮೇಲೆ ಇಟ್ಟಿರುತ್ತಾರೆ, ಅಷ್ಟು ಎತ್ತರ ಸಿಗುವುದಿಲ್ಲ. ಆ ದಿನಕ್ಕೆ ಟ್ಯಾಂಕು ಪೂರ್ತಿ ತುಂಬಿದ ಕೂಡಲೇ ಮಷಿನ್ ಹಾಕಿ, ಆಗ ಸಿಗುವ ಒಂದಡಿ ಹೆಚ್ಚಿನ ನೀರೂ ಲೆಕ್ಕಕ್ಕೆ ಬರುತ್ತದೆ.

ಪೇಟೆಗೆ ಹೋಗಲೇಬೇಕಾದರೆ

ಹಳೆಯ ವಸ್ತುವನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಬಾಯಿಮಾತಿನ ಅಳತೆ ನಂಬಬೇಡಿ, ಒಂದು ಇಂಚು ಮತ್ತು ಒಂದೂಕಾಲು ಇಂಚಿನ ಪೈಪು ಕಣ್ಣಿಗೆ ಒಂದೇ ಥರ. ಬಿಚ್ಚಲಾಗದಿದ್ದರೆ ಪೈಪಿನ ಸುತ್ತ ದಾರ ಸುತ್ತಿ, ದಾರವನ್ನು ಅಂಗಡಿಗೆ ಒಯ್ಯಿರಿ. ಕಂಡೆನ್ಸರಿಗೆ ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ಎರಡೂ ಬೇಕು. ಮೈಕ್ರೋಫ್ಯಾರಡ್ ಇದ್ದಷ್ಟೇ ಇರಬೇಕು, ವೋಲ್ಟ್ 440 ಇರಲಿ. ಹೆಚ್ಚು ಮೈಕ್ರೋಫ್ಯಾರಡಿನದು ಹಾಕಿದರೆ ಪಂಪಿಗೆ ಬಲ ಬರುತ್ತದೆಂದು ಅಂಗಡಿಯಲ್ಲಿ ಹೇಳಿದರೆ ಒಪ್ಪಬೇಡಿ, ವೈಂಡಿಂಗ್ ಬಿಸಿಯೇರುತ್ತದೆ. ಪಂಪಿನ ಲೋಹದ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ, ಎಚ್‌ಪಿ, ಆಂಪಿಯರ್, ಪೈಪಿನ ಅಳತೆ, ಕಂಡೆನ್ಸರ್ ಎಲ್ಲ ಅಲ್ಲಿ ಬರೆದಿರುತ್ತದೆ. ಪಟ್ಟಿ ತುಕ್ಕು ತಿಂದು ಅಳಿಯುವ ಮೊದಲೇ ತೆಗೆದಿಡಿ.

ಕಾರವಾರದವರಿಗೆ ಭಾನುವಾರ ಸಂತೆಯಿರುವುದರಿಂದ ಪೇಟೆಗೆ ಹೇಗೂ ಹೋಗುತ್ತೀರಿ. ಆದರೆ ಮೊದಲು ಬಾವಿಕಟ್ಟೆಗೆ ಹೋಗಿ, ಕೊಡದಲ್ಲಿ ನೀರು ಹೊಯ್ದು ನೋಡಿ, ಆಮೇಲೆ ಸಂತೆಯ ಚೀಟಿ ಬರೆಯಿರಿ. ಬೇಕಾದದ್ದು ಆ ಚೀಟಿಯಲ್ಲೇ ಕೊತ್ತಂಬರಿ, ಬಸಳೆಯ ಜೊತೆ ಬರಲಿ. ಪಂಪ್ ಶೆಡ್ಡಿನಲ್ಲಿ ಒಂದು ಡಬ್ಬಿ ಇಟ್ಟು ಅದರಲ್ಲಿ ಒಂದು ಕಂಡೆನ್ಸರ್, ಫೂಟ್ ವಾಲ್ವಿನ ವಾಷರ್, ಫ್ಲ್ಯಾಂಜ್ ವಾಷರ್, ಟೆಫ್ಲಾನ್ ಟೇಪು, ಸೈಕಲ್ ಟ್ಯೂಬಿನ ತುಂಡು, ಪ್ಲಗ್ಗಿಗೆ ಸಿಕ್ಕಿಸಿದ ಬಲ್ಬು ಇರಿಸಿಕೊಳ್ಳಿ. ಕರಾವಳಿಯವರು ಡಬ್ಬಿಯನ್ನು ಪ್ಲಾಸ್ಟಿಕ್ಕಿನದೇ ಇಟ್ಟುಕೊಳ್ಳಿ, ತಗಡಿನದು ಎರಡು ಮಳೆಗಾಲ ಕಾಣುವುದಿಲ್ಲ. ಮುಚ್ಚಳದ ಒಳಬದಿಗೆ ಪೈಪಿನ ಅಳತೆ, ಕಂಡೆನ್ಸರಿನ ಸಂಖ್ಯೆ, ಬೇಸಿಗೆಯಲ್ಲಿ ನೀರು ಎಷ್ಟು ಅಡಿ ಇಳಿದಿತ್ತು ಎಂಬುದನ್ನು ಮಾರ್ಕರಿನಲ್ಲಿ ಬರೆದಿಡಿ. ನೀವು ಊರಲ್ಲಿಲ್ಲದ ದಿನ ಪಂಪು ನಿಂತರೆ ಮನೆಯಲ್ಲಿದ್ದವರು ಅದನ್ನು ನೋಡಿ ಮಿಸ್ತ್ರಿಗೆ ಫೋನಿನಲ್ಲೇ ಹೇಳಬಹುದು.